ನಿನ್ನ ಕೆಲಸ ಯಾವುದು?

ಭಾನುವಾರ ಬೆಳಗ್ಗೆ ಒಂಬತ್ತು ಗಂಟೆ. ಹೊರಗೆ ಮೈನಸ್ 16. ನಾನು ಬ್ಯಾಗ್ ಕಟ್ಟಿ, ಜಾಕೆಟ್ ಹಾಕಿಕೊಂಡು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. ಹೊರಡಲು ನಾನು ತಯಾರು, ಉಳಿದವರು ಇನ್ನೂ ಯಾಕೆ ಓಡಾಡುತ್ತಿದ್ದಾರೆ ಎಂದು ಕಾಯುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಉಳಿದುಕೊಂಡಿದ್ದ ಅಜ್ಜಿಯೊಬ್ಬರು, ಎಪ್ಪತ್ತು ದಾಟಿರಬೇಕು, ನೆಲ ಒರೆಸುತ್ತಾ ನನ್ನ ಹತ್ತಿರ ಬಂದರು. ನಾನು ಕಾಲು ಎತ್ತಿದೆ. ಅವರು ಒರೆಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ನಿನ್ನ ಕೆಲಸ ಯಾವುದು?"

ನಾರ್ವೆಯಲ್ಲಿ ಎಲ್ಲರೂ ಎಲ್ಲರಿಗೂ ಏಕವಚನವೇ. ಮೇಷ್ಟ್ರಿಗೂ ಅದೇ, ಡಾಕ್ಟರಿಗೂ ಅದೇ. ಹಾಗಾಗಿ 'ನಿನ್ನ' ಎಂದದ್ದಕ್ಕೆ ಬೇಜಾರಿಲ್ಲ. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಇನ್ನೂ ಯಾವ ಕೆಲಸ ಉಳಿದಿದೆ ಎಂದು ಅವರಿಗೆ ತಿಳಿಯಬೇಕಿತ್ತು, ಅಷ್ಟೇ. ಆದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ಚುಚ್ಚಿತು. ಆರು ವಾರ ಆಯ್ತು, ಇನ್ನೂ ಹೋಗಿಲ್ಲ.

ನಾವು ಆರು ಜನ ಗೆಳೆಯರು ಫೆಬ್ರವರಿಯ ಒಂದು ವಾರಾಂತ್ಯ ರೊಂಡಾನೆ ಬೆಟ್ಟಗಳಿಗೆ ಹೋಗಿದ್ದೆವು. ರೊಂಡಾನೆ ನಾರ್ವೆಯ ಮೊದಲ ರಾಷ್ಟ್ರೀಯ ಉದ್ಯಾನ, 1962ರದ್ದು. ಓಸ್ಲೋದಿಂದ ರೈಲಿನಲ್ಲಿ ರಿಂಗೆಬುವರೆಗೆ, ಅಲ್ಲಿಂದ ಟ್ಯಾಕ್ಸಿ, ರಸ್ತೆ ಮುಗಿದ ಮೇಲೆ ಸ್ಕೀ. ಹಣೆಗೆ ಟಾರ್ಚ್ ಕಟ್ಟಿಕೊಂಡು, ಹಿಮದಲ್ಲಿ ನೆಟ್ಟ ಬರ್ಚ್ ಕೋಲುಗಳ ಸಾಲು ಹಿಡಿದು ಮೂರು ಗಂಟೆ. ಕೊನೆಗೆ ಕತ್ತಲೆಯಲ್ಲಿ ಒಂದು ಮರದ ಮನೆ. ಇಲ್ಲಿ ಇಂಥ ಮನೆಗೆ ಹ್ಯುಟ್ಟೆ ಎನ್ನುತ್ತಾರೆ. ಕರೆಂಟ್ ಇಲ್ಲ, ನಲ್ಲಿ ಇಲ್ಲ, ಪಾಯಿಖಾನೆ ಹೊರಗೆ ಸೌದೆ ಕೊಟ್ಟಿಗೆಯ ಪಕ್ಕ. ಮನೆ ಕಾಯುವವರೂ ಇಲ್ಲ.

ಈ ಮನೆಗಳನ್ನು ನೋಡಿಕೊಳ್ಳುವುದು ಡಿಎನ್‌ಟಿ ಎಂಬ ಚಾರಣಿಗರ ಸಂಘ. 1868ರಲ್ಲಿ ಶುರುವಾಯಿತು. ದೇಶದ ತುಂಬ 550ಕ್ಕೂ ಹೆಚ್ಚು ಮನೆಗಳಿವೆ. ಕೆಲವು ಕಡೆ ಅಡುಗೆಯವರಿರುತ್ತಾರೆ. ತುಂಬಾ ಕಡೆ ಯಾರೂ ಇರುವುದಿಲ್ಲ. ಸದಸ್ಯರಿಗೆಲ್ಲ ಒಂದೇ ಥರದ ಬೀಗದ ಕೈ ಕೊಡುತ್ತಾರೆ, ಅದನ್ನು ತಿರುಗಿಸಿ ಒಳಗೆ ಹೋಗುವುದು. ನಾವು ಹೋದ ಮನೆಯಲ್ಲಿ ಒಂದು ಉಗ್ರಾಣವೂ ಇತ್ತು. ಓಟ್ಸ್, ಪಾಸ್ತಾ, ಡಬ್ಬಿಯ ಮೀನು, ಒಣ ಸೂಪು, ಕಾಫಿ, ಪಕ್ಕದಲ್ಲಿ ಬೆಲೆಯ ಪಟ್ಟಿ. ಬೇಕಾದ್ದು ತೆಗೆದುಕೊಂಡು, ಬರೆದಿಟ್ಟು, ದುಡ್ಡು ಕಟ್ಟುವುದು. ಕ್ಯಾಮೆರಾ ಇಲ್ಲ, ಲೆಕ್ಕ ಕೇಳುವವರಿಲ್ಲ. ಮೊದಲ ಸಲ ನೋಡಿದಾಗ ನನಗೆ ಅದೇ ದೊಡ್ಡ ವಿಷಯ ಅನಿಸಿತ್ತು. ಈಗ ಹಾಗೆ ಅನಿಸುತ್ತಿಲ್ಲ. ದುಡ್ಡು ಕಟ್ಟುವುದು ಸುಲಭದ ಭಾಗ.

ಶನಿವಾರ ಬೆಟ್ಟ ಹತ್ತಬೇಕೆಂದಿದ್ದೆವು. ಒಂದು ಗಂಟೆ ಹೋಗುವಷ್ಟರಲ್ಲಿ ಗಾಳಿ ಎದ್ದು ಮುಂದಿನವರ ಬೆನ್ನು ಕಾಣದಂತಾಯಿತು. ಬರ್ಗೆನ್ ಊರಿನ ಗೆಳತಿ ನಿಂತು, ವಾಪಸ್ ಎಂದಳು. ಯಾರೂ ಎದುರು ಮಾತಾಡಲಿಲ್ಲ. ಹಿಂದಕ್ಕೆ ತಿರುಗುವುದರಲ್ಲಿ ನಾಚಿಕೆ ಇಲ್ಲ ಎಂಬುದು ಇಲ್ಲಿ ಮಕ್ಕಳಿಗೂ ಬಾಯಿಪಾಠ. ಇಲ್ಲಿನ ಒಂದು ಚಾಕೊಲೇಟ್ ಸುತ್ತಿದ ಕಾಗದದ ಒಳಗೂ ಬೆಟ್ಟದ ಒಂಬತ್ತು ನಿಯಮಗಳನ್ನು ಅಚ್ಚು ಹಾಕಿರುತ್ತಾರೆ, ಇದು ಅದರಲ್ಲೊಂದು. ಹಾಗಾಗಿ ಮಧ್ಯಾಹ್ನ ಹನ್ನೆರಡಕ್ಕೇ ನಾವೆಲ್ಲ ಒಲೆಯ ಸುತ್ತ ಇದ್ದೆವು. ಗದ್ದಲ ಅಲ್ಲಿಂದ ಶುರು.

ಎಂಥಾ ಗದ್ದಲ! ಗೋಡೆಯಲ್ಲಿ ಐದೇ ತಂತಿಯ ಒಂದು ಗಿಟಾರ್ ಸಿಕ್ಕಿತು. ಪೋಲೆಂಡಿನ ಗೆಳೆಯ ಅದನ್ನು ಬಿಡಲೇ ಇಲ್ಲ. ಧಾರವಾಡದ ಗೆಳೆಯ ಅಂತ್ಯಾಕ್ಷರಿ ಆಡೋಣ ಎಂದ. ಮೂರು ಭಾಷೆಗೆ ಕೊನೆಯ ಅಕ್ಷರದ ಲೆಕ್ಕ ಹೊಂದಲಿಲ್ಲ. ಅದಕ್ಕೆ ನಿಯಮ ಬದಲಾಯಿಸಿದೆವು. ಒಬ್ಬರು 'ಮಳೆ' ಎಂದರೆ ಮಳೆ ಇರುವ ಹಾಡು, 'ಅಮ್ಮ' ಎಂದರೆ ಅಮ್ಮ ಇರುವ ಹಾಡು. ಅಮ್ಮನ ವಿಷಯದಲ್ಲಿ ನಾವಿಬ್ಬರು ಕನ್ನಡಿಗರು ಎಲ್ಲರನ್ನೂ ಸೋಲಿಸಿದೆವು, ಹಾಡು ಮುಗಿಯಲೇ ಇಲ್ಲ. ಪಕ್ಕದ ಕೋಣೆಯ ಅಜ್ಜಿಯೂ ಅವರ ಯಜಮಾನರೂ ಬಂದು ಕೂತರು. ತಾತ ಎರಡು ಚಮಚ ಬೆನ್ನಿಗೆ ಬೆನ್ನು ಹಿಡಿದು ತಾಳ ಹಾಕಿದರು. ಇಸ್ಪೀಟಿನಲ್ಲಿ ಸೋತವರು ಹೊರಗೆ ಹೋಗಿ ಹಿಮದಲ್ಲಿ ಹೊರಳಿ ಬರಬೇಕು. ಮೂರು ಜನ ಹೊರಳಿದರು. ರಾತ್ರಿ ಹತ್ತರವರೆಗೆ ನಕ್ಕು ನಕ್ಕು ಹೊಟ್ಟೆ ನೋವು.

ಈಗ ಹಿಂದಕ್ಕೆ ತಿರುಗಿ ನೋಡಿದರೆ ಆ ಇಡೀ ದಿನದಲ್ಲಿ ಇನ್ನೊಂದು ಚಿತ್ರ ಕಾಣುತ್ತದೆ. ಬರ್ಗೆನ್ ಗೆಳತಿ ಹಾಡುತ್ತಲೇ ಎದ್ದು ಹೋಗಿ ಸೌದೆ ಒಡೆದು ತರುತ್ತಿದ್ದಳು. ಹಿಮದಲ್ಲಿ ಹೊರಳಲು ಹೋದವನು ವಾಪಸ್ ಬರುವಾಗ ಕೈಯಲ್ಲಿ ಒಂದು ಬಕೆಟ್ ಹಿಮ ಹಿಡಿದು ಬರುತ್ತಿದ್ದ. ಹಿಮ ಕರಗಿಸಿ ನೀರು ಮಾಡುವುದು ಸುಮ್ನೆ ಅಲ್ಲ. ಪಾತ್ರೆಯ ತಳದಲ್ಲಿ ಸ್ವಲ್ಪ ನೀರು ಇರಲೇಬೇಕು, ಇಲ್ಲದಿದ್ದರೆ ಸೀದು ವಾಸನೆ ಬರುತ್ತದೆ. ಪಾತ್ರೆ ತುಂಬ ಹಿಮ ತುಂಬಿದರೆ ತಳದಲ್ಲಿ ಒಂದಿಷ್ಟು ನೀರು. ಎಂಟು ಜನರ ಕಾಫಿ, ಅಡುಗೆ, ಪಾತ್ರೆ ತೊಳೆಯುವುದು ಎಲ್ಲಕ್ಕೂ ಬೆಳಗಿನಿಂದ ರಾತ್ರಿಯವರೆಗೆ ಯಾರೋ ಒಬ್ಬರು ಆ ಪಾತ್ರೆ ನೋಡಿಕೊಳ್ಳುತ್ತಲೇ ಇದ್ದರು. ಯಾರೂ ಯಾರಿಗೂ ಹೇಳಲಿಲ್ಲ. ಪಾಳಿಯ ಪಟ್ಟಿ ಇರಲಿಲ್ಲ. ನಾನು ಹಾಡಿದೆ, ಆಡಿದೆ, ಉಂಡೆ. ತಟ್ಟೆಯನ್ನು ಮೇಜಿನ ಮೇಲೆ ಬಿಟ್ಟು ಎದ್ದೆ. ಅದನ್ನು ಯಾರೋ ತೊಳೆದರು.

ಭಾನುವಾರ ಅಜ್ಜಿಯ ಪ್ರಶ್ನೆ ಬಂದಾಗ ಧಾರವಾಡದ ಗೆಳೆಯ ಬೂದಿ ಎತ್ತುತ್ತಿದ್ದ. ಹತ್ತಿರ ಬಂದು ಮೆಲ್ಲಗೆ, "ಇಲ್ಲಿ ಯಾರೂ ಹೇಳಂಗಿಲ್ಲಪಾ, ನಾವಽ ನೋಡಿ ಮಾಡಬೇಕು" ಎಂದು ಕೊಡಲಿ ಕೈಗೆ ಕೊಟ್ಟ.

ಸೌದೆ ಕೊಟ್ಟಿಗೆಗೆ ಹೋದೆ. ಒಡೆಯಬೇಕಾಗಿದ್ದುದು ನಮಗಾಗಿ ಅಲ್ಲ, ಮುಂದೆ ಬರುವವರಿಗಾಗಿ. ಅವರು ಯಾರೋ ಗೊತ್ತಿಲ್ಲ. ಬಿರುಗಾಳಿಯಲ್ಲಿ ಸಿಕ್ಕಿ, ಬೆರಳು ಮರಗಟ್ಟಿ ಬಂದರೂ ಬರಬಹುದು. ಆಗ ಕೊಡಲಿ ಹಿಡಿಯಲು ಆಗುವುದಿಲ್ಲ. ಕಡ್ಡಿ ಗೀರಿದರೆ ಸಾಕು ಎಂಬಂತೆ ಪುರುಳೆ, ಚಕ್ಕೆ, ದಪ್ಪ ಸೌದೆ ಎಲ್ಲ ಒಲೆಯ ಪಕ್ಕ ಜೋಡಿಸಿ ಇಟ್ಟೇ ಹೊರಡಬೇಕು. ಶುಕ್ರವಾರ ರಾತ್ರಿ ನಾವು ಬಂದಾಗಲೂ ಅದೆಲ್ಲ ಹಾಗೇ ಇತ್ತು. ಐದು ನಿಮಿಷದಲ್ಲಿ ಒಲೆ ಹತ್ತಿತ್ತು. ಅದನ್ನು ಯಾರೋ ನನಗಾಗಿ ಒಡೆದಿಟ್ಟು ಹೋಗಿದ್ದರು ಎಂಬುದು ಕೊಡಲಿ ಹಿಡಿದ ಮೇಲೆಯೇ ನನಗೆ ಹೊಳೆದದ್ದು.

ನನ್ನ ತಲೆ ನೇರ ಚಿಕ್ಕಮಗಳೂರಿಗೆ ಹೋಯಿತು.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ನಾವು ಹದಿನಾಲ್ಕು ಜನ, ಅಕ್ಕಂದಿರು, ಭಾವಂದಿರು, ಮಾವನ ಮಕ್ಕಳು ಸೇರಿ ತೋಟದ ನಡುವಿನ ಒಂದು ಹೋಂಸ್ಟೇಗೆ ಹೋಗಿದ್ದೆವು. ಅದೂ ಚಳಿ, ಅದೂ ಬೆಟ್ಟ, ಅದೂ ಬೆಂಕಿಯ ಸುತ್ತ ಹಾಡು. ಸಂತೋಷಕ್ಕೆ ಕಡಿಮೆ ಇರಲಿಲ್ಲ. ಅಲ್ಲಿ ಒಬ್ಬ ಹುಡುಗ ಇದ್ದ, ಇಪ್ಪತ್ತು ವರ್ಷ ಇರಬಹುದು. ಬೆಂಕಿ ಹಾಕಿದವನು ಅವನು. ಬಿಸಿನೀರು ಕಾಯಿಸಿದವನು ಅವನು. ರಾತ್ರಿ ಒಂದೂವರೆಗೆ ನಮ್ಮ ಭಾವನಿಗೆ ಮತ್ತೆ ಹಸಿವಾಯಿತು. "ತಮ್ಮಾ, ನಾಲ್ಕು ರೊಟ್ಟಿ ಸಿಗತ್ತೇನೋ" ಎಂದರು. ನಿದ್ದೆಗಣ್ಣಿನಲ್ಲಿ ಎದ್ದು ಬಂದು ಒಲೆ ಹಚ್ಚಿದ. ನಾವು ಹಾಡುತ್ತಿದ್ದೆವು. ಅವನು ಊಟ ಮಾಡಿದ್ದಾನಾ ಎಂದು ಹದಿನಾಲ್ಕು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಬೆಳಗ್ಗೆ ಬೆಂಕಿಯ ಸುತ್ತ ಬಿದ್ದಿದ್ದ ಬಾಟಲಿ, ಚಿಪ್ಸ್ ಪೊಟ್ಟಣ, ಕೋಳಿಮೂಳೆ ಎಲ್ಲ ಬಿಟ್ಟು ಮುಳ್ಳಯ್ಯನಗಿರಿಗೆ ಹೊರಟೆವು. ಭಾವ ಅವನ ಕೈಗೆ ಐನೂರು ರೂಪಾಯಿ ಇಟ್ಟರು. ನಮಗೆಲ್ಲ ನಾವು ಒಳ್ಳೆಯವರು ಅನಿಸಿತು.

ದುಡ್ಡು ಕೊಟ್ಟರೆ ಮುಗಿಯಿತು ಎಂಬುದು ನಮ್ಮಲ್ಲಿ ತುಂಬಾ ಆಳಕ್ಕೆ ಇಳಿದಿದೆ. ಮೋಜು ಮಾಡುವವರು ಬೇರೆ, ಅದಕ್ಕೆ ಸೌದೆ ಒಡೆಯುವವರು ಬೇರೆ. ಬೆಟ್ಟದ ತುದಿಯಲ್ಲಿ ಪ್ಲಾಸ್ಟಿಕ್ ಬೀಳುವುದೂ ಇದರಿಂದಲೇ ಎಂದು ನನಗೆ ಅನಿಸುತ್ತದೆ. ಅಲ್ಲಿ ಯಾವ ಹುಡುಗನೂ ಇಲ್ಲವಲ್ಲ, ಹಾಗಾಗಿ ಬಿದ್ದದ್ದು ಬಿದ್ದೇ ಇರುತ್ತದೆ. ಹುಡುಗ ಇಲ್ಲದಿದ್ದರೆ ಮನೆಯ ಹೆಂಗಸರು. ಅದೇ ಹೋಂಸ್ಟೇಯಲ್ಲಿ ಮಧ್ಯಾಹ್ನ ಪಾತ್ರೆ ಜಾಸ್ತಿ ಆದಾಗ ಎದ್ದವರು ನನ್ನ ಅಕ್ಕಂದಿರು. ನಾವು ಗಂಡಸರು ಯಾರೂ ಏಳಲಿಲ್ಲ.

ನಾರ್ವೆಯವರಲ್ಲಿ ಡೂಗ್ನಾಡ್ ಎಂಬ ಪದ ಇದೆ. ಎಲ್ಲರೂ ಸೇರಿ, ಸಂಬಳ ಇಲ್ಲದೆ, ಎಲ್ಲರಿಗೂ ಬೇಕಾದ ಕೆಲಸ ಮಾಡುವುದು. 2004ರಲ್ಲಿ ಇಲ್ಲಿನ ಜನ ಇದನ್ನು ದೇಶದ ಪದ ಎಂದು ಆರಿಸಿಕೊಂಡರು. ನಮ್ಮ ಅಪಾರ್ಟ್‌ಮೆಂಟಿನಲ್ಲೂ ಹಿಮ ಕರಗಿದ ಮೇಲೆ ಒಂದು ದಿನ ಎಲ್ಲರೂ ಪೊರಕೆ ಹಿಡಿದು ಅಂಗಳಕ್ಕೆ ಇಳಿಯುತ್ತಾರೆ. ಮೇಲಿನ ಮನೆಯಲ್ಲಿ ದೊಡ್ಡ ವಕೀಲರೊಬ್ಬರಿದ್ದಾರೆ. ಅವರೂ ಚರಂಡಿಯ ಎಲೆ ಬಾಚುತ್ತಾರೆ. ಬೆಟ್ಟದ ಮನೆಗಳಿಗೆ ಬಣ್ಣ ಬಳಿಯುವುದು, ದಾರಿಯ ಗುರುತು ಸರಿಪಡಿಸುವುದು ಕೂಡ ಹೆಚ್ಚಾಗಿ ಹೀಗೇ ನಡೆಯುತ್ತದೆ.

ಇದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಆಕೆ ಸುಮ್ಮನೆ ಕೇಳಿಸಿಕೊಂಡು ಒಂದು ಮಾತು ಕೇಳಿದಳು. "ಎಲ್ಲಾ ನೀವೇ ಮಾಡ್ಕೊಂಡ್ರೆ ಆ ಹುಡುಗನಿಗೆ ಸಂಬಳ ಯಾರು ಕೊಡ್ತಾರೋ?" ನನಗೆ ಥಟ್ಟನೆ ಏನೂ ತೋಚಲಿಲ್ಲ. ಅವನ ಮನೆ ನಡೆಯುವುದು ನಮ್ಮಂಥವರ ವಾರಾಂತ್ಯಗಳಿಂದಲೇ ಇರಬಹುದು. ಅದು ನಿಜ. ಆದರೆ ಅವನಿಗೆ ಕೆಲಸ ಕೊಡುವುದಕ್ಕೂ ರಾತ್ರಿ ಒಂದೂವರೆಗೆ ಎಬ್ಬಿಸುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ನಾನು ಅಷ್ಟು ಮಾತ್ರ ಹೇಳಿದೆ.

ಆಕೆ ಬಿಡಲಿಲ್ಲ. "ನೀನು ಅಜ್ಜನ ಮನೆ ಅಡಿಕೆ ಕೊಟ್ಟಿಗೆ ಮರೆತಿದ್ದೀಯಾ" ಎಂದಳು.

ಮರೆತಿರಲಿಲ್ಲ. ನೆನೆಸಿಕೊಂಡಿರಲಿಲ್ಲ. ತೀರ್ಥಹಳ್ಳಿ ಕಡೆ ನಮ್ಮ ಅಜ್ಜನ ಮನೆ. ಚಳಿಗಾಲದ ಕೊಯ್ಲಿನಲ್ಲಿ ರಾತ್ರಿ ಊಟ ಆದ ಮೇಲೆ ಅಕ್ಕಪಕ್ಕದ ಮನೆಯವರೆಲ್ಲ ಸುಲಿಯಲು ಬರುತ್ತಿದ್ದರು. ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಿದ್ದರು. ಗ್ಯಾಸ್‌ಲೈಟಿನ ಸುಸ್ಸೆಂಬ ಸದ್ದು, ಹೊರಗೆ ಅಡಿಕೆ ಬೇಯಿಸುವ ಹಂಡೆಯಲ್ಲಿ ಕುದಿಯುವ ಚೊಗರಿನ ವಾಸನೆ. ಒಬ್ಬರು ಯಕ್ಷಗಾನದ ಪದ ಎತ್ತಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ದೆವ್ವದ ಕಥೆ, ಯಾರದೋ ಮದುವೆಯ ಕಥೆ, ಒಗಟು, ನಗು. ಮಕ್ಕಳಾದ ನಮಗೆ ಸಿಪ್ಪೆ ಬುಟ್ಟಿಗೆ ತುಂಬಿ ಹೊರಗೆ ಹಾಕುವ ಕೆಲಸ. ಮರುದಿನ ಆ ಅಕ್ಕಪಕ್ಕದವರ ಮನೆಗೆ ಅಜ್ಜ ಹೋಗುತ್ತಿದ್ದರು. ಮುಯ್ಯಾಳು ಅಂದರೆ ಅದೇ. ದುಡ್ಡಿನ ಮಾತೇ ಇಲ್ಲ, ಆಳಿಗೆ ಆಳು. ಆ ಕೊಟ್ಟಿಗೆಯ ಗದ್ದಲದ ಮುಂದೆ ರೊಂಡಾನೆಯ ಗದ್ದಲ ಏನೂ ಅಲ್ಲ. ಅಲ್ಲಿ ಕೂಡ ಯಾರೂ ಖಾಲಿ ಕೈಯಲ್ಲಿ ಕೂರುತ್ತಿರಲಿಲ್ಲ, ಏಳು ವರ್ಷದ ನಾನೂ ಸೇರಿ.

ಹಾಗಾದರೆ ಇದು ನಾರ್ವೆಯವರು ಕಂಡುಹಿಡಿದದ್ದಲ್ಲ. ಇಷ್ಟು ಒಪ್ಪಲೇಬೇಕು. ಇನ್ನೂ ಒಂದು ಒಪ್ಪಬೇಕು. ಬೆಟ್ಟದ ಮನೆಗೆ ಬಂದವರನ್ನು ಇಲ್ಲಿ ವಾಪಸ್ ಕಳಿಸುವುದಿಲ್ಲ, ಮಂಚ ತುಂಬಿದ್ದರೆ ನೆಲದ ಮೇಲೆ ಹಾಸಿಗೆ ಹಾಕುತ್ತಾರೆ. ಆದರೆ ಬೆಟ್ಟ ಇಳಿದು ಓಸ್ಲೋಗೆ ಬಂದರೆ ಹೇಳದೆ ಕೇಳದೆ ಗೆಳೆಯನ ಮನೆ ಬಾಗಿಲು ತಟ್ಟಲು ನಾನು ಇವತ್ತಿಗೂ ಹಿಂಜರಿಯುತ್ತೇನೆ. ನಮ್ಮಲ್ಲಿ ಹಾಗಲ್ಲ. ಕುಮಾರಪರ್ವತ ಹತ್ತಿದವರಿಗೆಲ್ಲ ದಾರಿಯಲ್ಲಿ ಸಿಗುವ ಭಟ್ಟರ ಮನೆ ಗೊತ್ತು. ಸುಸ್ತಾಗಿ ಬಂದವರ ಮುಂದೆ ಅನ್ನ ಸಾರು ಬಂದು ಬೀಳುವ ಆ ಸುಖವನ್ನು ಓಟ್ಸಿನ ಡಬ್ಬಿ ಕೊಡುವುದಿಲ್ಲ. ಅಜ್ಜನ ಮನೆಯ ಕೊಟ್ಟಿಗೆಯಲ್ಲೂ ನಡುರಾತ್ರಿ ಎಲ್ಲರಿಗೂ ಬಿಸಿ ಕಷಾಯ ಬರುತ್ತಿತ್ತು. ತಂದುಕೊಡುತ್ತಿದ್ದವರು ಅಜ್ಜಿ. ಎಲ್ಲರೂ ಎದ್ದು ಹೋದ ಮೇಲೆ ಲೋಟ ತೊಳೆಯುತ್ತಿದ್ದವರೂ ಅವರೇ. ಅದೂ ಈಗಲೇ ನೆನಪಾಗುತ್ತಿದೆ.

ಬರುವ ಡಿಸೆಂಬರಿನಲ್ಲಿ ಮತ್ತೆ ಊರು, ಅದೇ ಹದಿನಾಲ್ಕು ಜನ. ಮನೆಯವರ ವಾಟ್ಸಾಪ್ ಗುಂಪಿಗೆ ಈಗಲೇ ಬರೆದು ಹಾಕಿದ್ದೇನೆ. ರಾತ್ರಿ ಎಂಟೂವರೆಗೆ ಆ ಹುಡುಗನೂ ನಮ್ಮ ಜೊತೆ ಊಟಕ್ಕೆ ಕೂರಬೇಕು, ಆಮೇಲೆ ಅಡುಗೆಮನೆ ನಮ್ಮದು, ಹೊರಡುವ ಮುಂಚೆ ಅಂಗಳ ಗುಡಿಸಿ, ಸೌದೆ ಜೋಡಿಸಿ ಹೊರಡುವುದು. ಅಕ್ಕಂದಿರು ಇಬ್ಬರೂ ತಕ್ಷಣ ಹೂಂ ಎಂದರು. ಭಾವ ಒಂದು ದಿನ ಬಿಟ್ಟು, "ರಾತ್ರಿ ಹಸಿವಾದ್ರೆ ರೊಟ್ಟಿ ಯಾರು ತಟ್ತಾರೆ?" ಎಂದು ಕೇಳಿದರು.

ನಾನು ತಟ್ಟುತ್ತೇನೆ ಎಂದಿದ್ದೇನೆ. ಮೂರು ಭಾನುವಾರದಿಂದ ಓಸ್ಲೋದ ಅಡುಗೆಮನೆಯಲ್ಲಿ ಕಲಿಯುತ್ತಿದ್ದೇನೆ. ಅಕ್ಕ ವಿಡಿಯೋ ಕಾಲ್‌ನಲ್ಲಿ ಹೇಳಿಕೊಡುತ್ತಾಳೆ. ಹಿಟ್ಟಿಗೆ ಕುದಿಯುವ ನೀರೇ ಹಾಕಬೇಕಂತೆ.