ಫಿಲಿಪ್ಪಿ 4:13 ವೀಸಾ ಮಂತ್ರ ಅಲ್ಲ

ಮಂಜೇಶ್ವರ, ಉಪ್ಪಳ ಕಡೆಯ ಪ್ರಾರ್ಥನಾ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಬೈಬಲ್‌ನ ಫಿಲಿಪ್ಪಿ 4:13ನೇ ವಚನವನ್ನು ("ನನ್ನನ್ನು ಬಲಪಡಿಸುವ ಕ್ರಿಸ್ತನಿಂದ ಎಲ್ಲವನ್ನೂ ಮಾಡಬಲ್ಲೆ") ದಿನಾ ಹೇಳಿ, ಹತ್ತು ಜನರಿಗೆ ಕಳಿಸಿದರೆ ಗಲ್ಫ್ ವೀಸಾ ಖಂಡಿತ ಅಂತೆ. ಇದು ತಪ್ಪು. ಅದರ ಹಿಂದಿನ ಎರಡು ವಚನ ಓದಿದರೆ ಸಾಕು. ಅಪೊಸ್ತಲ ಪೌಲ ಇದನ್ನು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಪತ್ರವಾಗಿ ಬರೆದದ್ದು ಸೆರೆಯಲ್ಲಿದ್ದಾಗ. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ, ಕೈತುಂಬ ಇದ್ದಾಗಲೂ ಏನೂ ಇಲ್ಲದಾಗಲೂ ತೃಪ್ತನಾಗಿರೋದನ್ನು ಕಲಿತಿದ್ದೇನೆ ಅನ್ನುತ್ತಾನೆ, ಅದಕ್ಕೆ ಬಲ ಕೊಡುವವನು ಕ್ರಿಸ್ತ ಅನ್ನೋದೇ 13ನೇ ವಚನ. ಕೇಳಿದ್ದೆಲ್ಲ ಸಿಗುತ್ತೆ ಅಂತ ಅಲ್ಲ. ಹಾಗಂತ ಸುಮ್ನೆ ಕೂತಿರಿ ಅಂತಲೂ ಅಲ್ಲ! ಫಿಲಿಪ್ಪಿಯವರು ತಮ್ಮವನಾದ ಎಪಫ್ರೊದೀತನ ಕೈಲಿ ಕಳಿಸಿದ ನೆರವನ್ನು ಪೌಲ ಖುಷಿಯಿಂದಲೇ ತೆಗೆದುಕೊಂಡ (4:18). ವೀಸಾಕ್ಕೆ ಪ್ರಾರ್ಥನೆ ಮಾಡಿ, ಅರ್ಜಿಯೂ ಹಾಕಿ. ಆ ಮೆಸೇಜ್ ಮಾತ್ರ ದಯವಿಟ್ಟು ಮುಂದೆ ಕಳಿಸಬೇಡಿ.