ಸಾಯುತ್ತಿರುವವರ ಹತ್ತಿರ ಸುಳ್ಳು ಹೇಳಬೇಡಿ

ಮನೆಯಲ್ಲಿ ಒಬ್ಬರಿಗೆ ವಾಸಿಯಾಗದ ಕಾಯಿಲೆ ಬಂತು ಅಂದ ತಕ್ಷಣ ಉಳಿದವರೆಲ್ಲ ಸೇರಿ ಮಾಡುವ ಮೊದಲ ತೀರ್ಮಾನ ಒಂದೇ. "ಅವರಿಗೆ ಗೊತ್ತಾಗಬಾರದು." ರಿಪೋರ್ಟ್ ಬಚ್ಚಿಡುತ್ತಾರೆ, ಡಾಕ್ಟರಿಗೆ ಮೊದಲೇ ಹೋಗಿ ಹೇಳಿ ಬಂದಿರುತ್ತಾರೆ, ನೋಡಲು ಬಂದವರಿಗೆಲ್ಲ ಬಾಗಿಲಲ್ಲೇ ಎಚ್ಚರಿಕೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಅನುಮಾನವೇ ಇಲ್ಲ. ಆದರೂ ಇದು ತಪ್ಪು ಅಂತ ನನಗೆ ಬಲವಾಗಿ ಅನಿಸುತ್ತದೆ.

ಯಾಕೆಂದರೆ ಅವರಿಗೆ ಗೊತ್ತಿರುತ್ತದೆ. ಊಟ ಸೇರುತ್ತಿಲ್ಲ, ಎದ್ದು ಕೂರಲು ಇಬ್ಬರು ಬೇಕು, ನಿನ್ನೆ ಆಗುತ್ತಿದ್ದದ್ದು ಇವತ್ತು ಆಗುತ್ತಿಲ್ಲ. ಆ ಮೈಯೊಳಗೆ ಇರುವವರು ಅವರು ತಾನೆ? ನಾವು "ಏನೂ ಆಗಲ್ಲ, ಬೇಗ ಹುಷಾರಾಗ್ತೀರಿ" ಅಂದಾಗ ಅವರಿಗೆ ಅರ್ಥವಾಗುವುದು ಇಷ್ಟೇ: ಈ ವಿಷಯ ಇವರ ಹತ್ತಿರ ಮಾತಾಡುವ ಹಾಗಿಲ್ಲ.

ನಮ್ಮ ದೊಡ್ಡಪ್ಪನ ಕೊನೆಯ ದಿನಗಳಲ್ಲಿ ನಾನು ಜೊತೆಗಿದ್ದೆ. ಒಂದು ರಾತ್ರಿ ಬಾಗಿಲು ಹಾಕು ಅಂದರು. "ನಾನು ಇನ್ನು ಜಾಸ್ತಿ ದಿನ ಇರಲ್ಲ, ನಿಮ್ಮ ದೊಡ್ಡಮ್ಮನಿಗೆ ಗೊತ್ತಿಲ್ಲ, ಹೇಳಬೇಡ." ಅದೇ ದಿನ ಮಧ್ಯಾಹ್ನ ದೊಡ್ಡಮ್ಮ ಹೊರಗೆ ನನ್ನ ಕೈ ಹಿಡಿದು "ಅವರಿಗೆ ತಿಳಿಯದ ಹಾಗೆ ನೋಡ್ಕೋಪ್ಪ" ಅಂದಿದ್ದರು. ಅಷ್ಟು ವರ್ಷ ಸಂಸಾರ ಮಾಡಿದ ಇಬ್ಬರು, ಗೋಡೆಯ ಆಚೆ ಈಚೆ ಕೂತು ಒಂದೇ ವಿಷಯಕ್ಕೆ ಬೇರೆ ಬೇರೆಯಾಗಿ ಅಳುತ್ತಿದ್ದರು. ನಾನು ದೊಡ್ಡಪ್ಪನಿಗೆ "ಅವರಿಗೂ ಗೊತ್ತು" ಅಂದೆ. ಹೊರಗೆ ಹೋಗಿ "ಬನ್ನಿ ದೊಡ್ಡಮ್ಮ, ಒಳಗೆ ಬನ್ನಿ" ಅಂತ ಕರೆದುಕೊಂಡು ಬಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಪ್ಪ ಹೇಳಿದ ಮೊದಲ ಮಾತು, "ನಾನು ಹೋದಮೇಲೆ ಸ್ವಲ್ಪ ದಿನ ಈ ರೂಮಲ್ಲಿ ಒಬ್ಬಳೇ ಮಲಗಬೇಡ." ಅದನ್ನು ಹೇಳಲಿಕ್ಕೆ ಎಷ್ಟು ದಿನದಿಂದ ಕಾಯುತ್ತಿದ್ದರೋ.

ಇದು ನಮ್ಮ ಮನೆಯದೊಂದೇ ಕಥೆಯಲ್ಲ. 1960ರ ದಶಕದಲ್ಲೇ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಅಮೆರಿಕದ ಆಸ್ಪತ್ರೆಗಳಲ್ಲಿ ಇದನ್ನೇ ಕಂಡಿದ್ದರು. ರೋಗಿಗೂ ಗೊತ್ತು, ಮನೆಯವರಿಗೂ ಗೊತ್ತು, ಆದರೆ ಎರಡೂ ಕಡೆಯವರು ಗೊತ್ತಿಲ್ಲದ ಹಾಗೆ ನಟಿಸುತ್ತಾರೆ.

"ಹೇಳಿದರೆ ಧೈರ್ಯ ಕಳ್ಕೊಂಡು ಬೇಗ ಹೋಗಿಬಿಡ್ತಾರೆ" ಅನ್ನುವ ಭಯ ಎಲ್ಲರಿಗೂ ಇದೆ. ಆದರೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೊನೆಗಾಲದ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿದ್ದವರಲ್ಲಿ ಖಿನ್ನತೆ ಜಾಸ್ತಿ ಇರಲಿಲ್ಲ. ಕೊನೆಯ ವಾರದಲ್ಲಿ ಅವರು ಐಸಿಯು, ವೆಂಟಿಲೇಟರ್ ಅಂತ ಸೇರಿದ್ದೂ ಕಡಿಮೆ. ಅಂಥ ಚಿಕಿತ್ಸೆಯ ನಡುವೆಯೇ ತಮ್ಮವರನ್ನು ಕಳೆದುಕೊಂಡವರಲ್ಲಿ ಆಮೇಲೆ ಖಿನ್ನತೆ ಜಾಸ್ತಿ ಕಂಡುಬಂತು. ಅಂದರೆ ಮಾತಾಡದೆ ಇದ್ದದ್ದರ ನೋವು ಉಳಿದವರಿಗೂ ತಟ್ಟುತ್ತದೆ.

ಹಾಗಂತ ಹೋಗಿ ಮುಖಕ್ಕೆ ಹೇಳಿಬಿಡಿ ಅಂತ ಖಂಡಿತ ಹೇಳುತ್ತಿಲ್ಲ. ಮೊದಲು ಕೇಳಿ. "ನಿಮಗೆ ಏನನ್ನಿಸ್ತಿದೆ? ಡಾಕ್ಟರು ಹೇಳಿದ್ದನ್ನೆಲ್ಲ ತಿಳ್ಕೋಬೇಕು ಅಂತ ಇದೆಯಾ?" ಕೆಲವರು ಬೇಡ, ನನ್ನ ಮಗಳಿಗೆ ಹೇಳಿ ಅನ್ನುತ್ತಾರೆ. ಅದೂ ಅವರ ಹಕ್ಕು. ಆದರೆ ಬೇಡ ಅನ್ನಬೇಕಾದವರು ಅವರು, ಅವರ ಪರವಾಗಿ ನಾವಲ್ಲ.

ಇನ್ನೊಂದು ಸುಳ್ಳು ನಮಗೆ ನಾವೇ ಹೇಳಿಕೊಳ್ಳುವುದು, ಎರಡು ತುತ್ತು ತಿಂದರೆ ಶಕ್ತಿ ಬರುತ್ತದೆ ಅಂತ. ಕೊನೆಯ ದಿನಗಳಲ್ಲಿ ಮೈಗೆ ಊಟ ಬೇಡವಾಗುತ್ತದೆ. ಊಟ ಬಿಟ್ಟಿದ್ದಕ್ಕೆ ಸಾಯುತ್ತಿರುವುದಲ್ಲ, ಸಾವು ಹತ್ತಿರ ಬಂದಿದ್ದಕ್ಕೆ ಊಟ ಬಿಟ್ಟಿರುವುದು. ಬಲವಂತ ಮಾಡಿದರೆ ನೆತ್ತಿಗೆ ಹತ್ತುತ್ತದೆ, ಅಷ್ಟೇ. ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಒರೆಸಿ. ಅದರಿಂದ ಸಿಗುವ ಹಾಯಿ ದೊಡ್ಡದು. ಸಾವು ತೀರಾ ಹತ್ತಿರ ಬಂದಾಗ ಉಸಿರು ಜೋರಾಗಿ ಬಂದು, ನಿಧಾನವಾಗಿ, ಪೂರ್ತಿ ನಿಂತುಹೋಗಿ, ಎಷ್ಟೋ ಸೆಕೆಂಡು ಆದಮೇಲೆ ಮತ್ತೆ ಶುರುವಾಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ನುಂಗಲಾಗದ ಜೊಲ್ಲು ಅದು. ಕೇಳುವ ನಮಗೆ ಆಗುವಷ್ಟು ಸಂಕಟ ಸಾಮಾನ್ಯವಾಗಿ ಅವರಿಗೆ ಇರುವುದಿಲ್ಲ, ಒಂದು ಮಗ್ಗುಲಿಗೆ ತಿರುಗಿಸಿದರೆ ಎಷ್ಟೋ ಸಲ ಕಡಿಮೆಯಾಗುತ್ತದೆ. ಕೈಕಾಲು ತಣ್ಣಗಾಗುತ್ತದೆ, ಮಂಡಿಯ ಚರ್ಮ ಮಚ್ಚೆ ಮಚ್ಚೆಯಾಗುತ್ತದೆ. ಇದೆಲ್ಲ ಮೊದಲೇ ಗೊತ್ತಿದ್ದರೆ ಗಾಬರಿಯಲ್ಲಿ ಓಡಾಡುವ ಬದಲು ಹತ್ತಿರ ಕೂತುಕೊಳ್ಳಬಹುದು. ಪ್ರಜ್ಞೆ ಇಲ್ಲದಂತೆ ಕಂಡರೂ ಮಾತಾಡಿ. ಸಾವಿಗೆ ಕೆಲವೇ ಗಂಟೆ ಇದ್ದಾಗಲೂ ಕೆಲವರ ಮಿದುಳು ಶಬ್ದಕ್ಕೆ ಸ್ಪಂದಿಸುತ್ತಿತ್ತು ಅಂತ 2020ರಲ್ಲಿ ಕೆನಡಾದ ಸಂಶೋಧಕರು ತೋರಿಸಿದ್ದಾರೆ.

ನೋವಿನ ವಿಷಯವನ್ನೂ ಹೇಳಲೇಬೇಕು. ಸಿಸಿಲಿ ಸಾಂಡರ್ಸ್ ಎಂಬ ಡಾಕ್ಟರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ತೆರೆದರು, ಸಾಯುತ್ತಿರುವವರ ಆರೈಕೆಗೆಂದೇ ಇರುವ ಮನೆ ಅದು. ಸಾಯುವವರ ನೋವು ಮೈಯದು ಮಾತ್ರ ಅಲ್ಲ, ಮನಸ್ಸಿನದು, ಸಂಸಾರದ ಚಿಂತೆಯದು, ಯಾಕೆ ನನಗೇ ಅನ್ನುವುದರದ್ದು, ಎಲ್ಲವೂ ಸೇರಿದ್ದು ಅಂತ ಅವರು ಹೇಳುತ್ತಿದ್ದರು. ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ಸಂಕಟ ಕಡಿಮೆ ಮಾಡುವ ಆರೈಕೆ, ಕೈಬಿಡುವುದಲ್ಲ, ಚಿಕಿತ್ಸೆಯ ಜೊತೆಗೇ ಶುರು ಮಾಡಬಹುದು. ಡಾಕ್ಟರು ನೋವಿಗೆ ತಕ್ಕ ಅಳತೆಯಲ್ಲಿ ಕೊಡುವ ಮಾರ್ಫಿನ್ ಎಂಬ ನೋವಿನ ಔಷಧಿ ಸಾವನ್ನು ಹತ್ತಿರ ತರುವುದಿಲ್ಲ. ಆ ಹೆದರಿಕೆಗೆ ಯಾರೂ ನರಳಬಾರದು.

ಹೋದಮೇಲೆ ಏನು? ಫೋನ್ ಲಾಕ್ ಆಗಿರುತ್ತದೆ, ಯಾವ ಬ್ಯಾಂಕಲ್ಲಿ ಖಾತೆ ಇದೆ ಗೊತ್ತಿರುವುದಿಲ್ಲ, ಅಳಲಿಕ್ಕೂ ಬಿಡುವಿಲ್ಲದೆ ಕಾಗದಪತ್ರ ಹುಡುಕಬೇಕು. ಹುಷಾರಾಗಿರುವಾಗಲೇ ಬರೆದಿಟ್ಟು, ಎಲ್ಲಿ ಇಟ್ಟಿದ್ದೀರಿ ಅಂತ ಒಬ್ಬರಿಗೆ ಹೇಳಿ.

ದುಃಖಕ್ಕೆ ಐದು ಹಂತ ಅಂತ ಎಲ್ಲರೂ ಹೇಳುತ್ತಾರೆ: ನಂಬದಿರುವುದು, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು. ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಅದನ್ನು ಬರೆದದ್ದು ಸಾಯುತ್ತಿದ್ದ ರೋಗಿಗಳ ಜೊತೆ ಮಾತಾಡಿ, ಅವರ ಬಗ್ಗೆ. ಉಳಿದವರು ಆ ಮೆಟ್ಟಿಲು ಒಂದೊಂದಾಗಿ ಹತ್ತಬೇಕು ಅಂತ ಏನೂ ಇಲ್ಲ. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಹೇಳಿದ್ದು ನನಗೆ ಹೆಚ್ಚು ನಿಜ ಅನಿಸುತ್ತದೆ. ಮನಸ್ಸು ದುಃಖದ ಕಡೆಗೂ ದಿನದ ಕೆಲಸದ ಕಡೆಗೂ ಹೋಗಿ ಬರುತ್ತಿರುತ್ತದೆ. ಬೆಳಿಗ್ಗೆ ನಕ್ಕವರು ಸಂಜೆ ಬಿಕ್ಕಿ ಬಿಕ್ಕಿ ಅತ್ತರೆ ಅದು ನಾಟಕವೂ ಅಲ್ಲ, ಹುಚ್ಚೂ ಅಲ್ಲ. ತಿಂಗಳುಗಟ್ಟಲೆ ಕಳೆದರೂ ಏಳಲು, ಉಣ್ಣಲು, ಕೆಲಸ ಮಾಡಲು ಆಗುತ್ತಲೇ ಇಲ್ಲ ಅಂದರೆ ಡಾಕ್ಟರ ಸಹಾಯ ಬೇಕು. ಇನ್ನು "ಏನಾದ್ರೂ ಬೇಕಿದ್ರೆ ಹೇಳಿ" ಅನ್ನಬೇಡಿ, ಅವರು ಹೇಳುವುದಿಲ್ಲ. "ನಾಳೆ ಬ್ಯಾಂಕಿಗೆ ನಾನು ಜೊತೆಗೆ ಬರ್ತೀನಿ" ಅನ್ನಿ.

ಮಕ್ಕಳಿಗೆ ನಾವು ಹೇಳುವ ಸುಳ್ಳು ಇನ್ನೂ ಕೆಟ್ಟದ್ದು. "ತಾತ ಮಲಗಿದ್ದಾರೆ" ಅಂದರೆ ಮಗು ರಾತ್ರಿ ಮಲಗಲು ಹೆದರುತ್ತದೆ. "ದೂರ ಹೋಗಿದ್ದಾರೆ" ಅಂದರೆ ನನಗೆ ಹೇಳದೆ ಯಾಕೆ ಹೋದರು ಅಂತ ಕೊರಗುತ್ತದೆ. ತಾತ ಸತ್ತುಹೋದರು, ಅವರ ಮೈ ಕೆಲಸ ಮಾಡುವುದು ನಿಂತಿತು, ಮತ್ತೆ ಬರುವುದಿಲ್ಲ, ಇದು ನಿನ್ನಿಂದ ಆದದ್ದಲ್ಲ. ಇಷ್ಟು ನೇರವಾಗಿ ಹೇಳಿ. ಐದು ನಿಮಿಷ ಬಿಟ್ಟು "ತಾತ ಯಾವಾಗ ಬರ್ತಾರೆ?" ಅಂತ ಮತ್ತೆ ಕೇಳುತ್ತದೆ, ನಾಳೆಯೂ ಕೇಳುತ್ತದೆ. ಬೈಯದೆ, ಬದಲಾಯಿಸದೆ, ಅದೇ ಉತ್ತರ ಕೊಡಿ.