ಇವತ್ತು 35, ನಾಳೆ 55

ಮಾರ್ಚ್ ತಿಂಗಳ ಸಂಜೆ. ಅಟ್ಲಾಂಟಾದಿಂದ ಉತ್ತರಕ್ಕೆ ಒಂದು ಹೈಸ್ಕೂಲಿನ ಬೇಸ್‌ಬಾಲ್ ಮೈದಾನ. ಅಕ್ಕನ ಮಗ ಪಿಚಿಂಗ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯೋ ಕೆಲಸ, ಮಾಡುತ್ತಿದ್ದ. ಅವನಿಗೆ ಹದಿನೇಳು ವರ್ಷ. ಬ್ಯಾಟರ್ ನಿಲ್ಲೋ ಹೋಮ್ ಪ್ಲೇಟ್ ಹಿಂದಿನ ಬಲೆಯ ಆಚೆ, ದೊಡ್ಡ ತಂಡಗಳಿಗೆ ಹುಡುಗರನ್ನು ಹುಡುಕೋ ನಾಲ್ಕೈದು ಜನ ಸ್ಕೌಟ್‌ಗಳು ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಹುಡುಗ ಎಡಗಾಲು ಎತ್ತಿದ ತಕ್ಷಣ ಅವರೆಲ್ಲರ ಕೈಯೂ ಒಟ್ಟಿಗೆ ಮೇಲೇಳುತ್ತಿತ್ತು. ಕೈಯಲ್ಲಿ ಚೆಂಡಿನ ವೇಗ ಅಳೆಯೋ ರಾಡಾರ್ ಗನ್. ಚೆಂಡು ಕ್ಯಾಚರ್‌ನ ಗ್ಲೌಸಿಗೆ ಬಡಿದ ಸದ್ದು, ಗನ್ ಕೆಳಗೆ, ಪುಸ್ತಕದಲ್ಲಿ ಒಂದು ಅಂಕಿ. ಮತ್ತೆ ಅದೇ.

ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಅವನಿಗೆ ಸರಿಯಾಗಿ ಹೊಡೆತ ಬಿತ್ತು. ಒಂದರ ಹಿಂದೆ ಒಂದು ಮೂರು ಹಿಟ್, ನಾಲ್ಕು ರನ್. ಪಕ್ಕದಲ್ಲಿದ್ದ ಅಕ್ಕ "ಮುಗೀತು ಕಣೋ, ಬಂದವರೆಲ್ಲ ಎದ್ದು ಹೋಗ್ತಾರೆ ಈಗ" ಅಂದಳು. ಒಬ್ಬರೂ ಏಳಲಿಲ್ಲ. ಸ್ಕೋರ್‌ಬೋರ್ಡ್ ಕಡೆ ತಿರುಗಿಯೂ ನೋಡಲಿಲ್ಲ.

ಪಂದ್ಯ ಮುಗಿದ ಮೇಲೆ ಅವರಲ್ಲಿ ಹಿರಿಯರೊಬ್ಬರು ಬಂದು ಭಾವನ ಕೈ ಕುಲುಕಿದರು. ಎಷ್ಟು ರನ್ ಕೊಟ್ಟ ಅನ್ನೋ ಮಾತೇ ಬರಲಿಲ್ಲ. ಅವರು ಕೇಳಿದ್ದು ಬೇರೆ. ಹೋದ ವರ್ಷಕ್ಕಿಂತ ಎಷ್ಟು ಎತ್ತರ ಬೆಳೆದ? ಶೂ ಸೈಜ್ ಎಷ್ಟು? ಪಿಚಿಂಗ್ ಶುರು ಮಾಡಿ ಎಷ್ಟು ವರ್ಷವಾಯಿತು? ಭಾವ ಐದಡಿ ಎಂಟಿಂಚು. ಆ ಹಿರಿಯರು ಭಾವನನ್ನು ಒಮ್ಮೆ ನೋಡಿ, ಆಮೇಲೆ ನನ್ನ ಕಡೆ ತಿರುಗಿ, "ಇವರು ತಾಯಿಯ ತಮ್ಮನಾ?" ಎಂದರು. ನಾನು ಆರಡಿ ಎರಡಿಂಚು. ಪುಸ್ತಕ ತೆಗೆದು ಏನೋ ಬರೆದುಕೊಂಡರು.

ಅವತ್ತು ರಾತ್ರಿ ಊಟ ಬಡಿಸುತ್ತಾ ಅಕ್ಕ ಕೇಳಿದಳು: "ನಿಜ ಹೇಳೋ, ಇವನು ಪ್ರೊಫೆಷನಲ್ ಆಗ್ತಾನಾ?"

ನಾನು ದಾವಣಗೆರೆಯಲ್ಲಿ ಮ್ಯಾಟಿನ ಮೇಲೆ ಕ್ರಿಕೆಟ್ ಆಡಿ ಬೆಳೆದವನು. ಇಲ್ಲಿಗೆ ಬಂದು ಹದಿನೆಂಟು ವರ್ಷವಾಯಿತು. ಹುಡುಗರನ್ನು ಅಳೆಯೋ ರೀತಿ ಎರಡೂ ಕಡೆ ನೋಡಿದ್ದೇನೆ. ನಮ್ಮಲ್ಲಿ ಹುಡುಗ ಇವತ್ತು ಏನು ಮಾಡಿದ ಅಂತ ನೋಡುತ್ತಾರೆ. ಇಲ್ಲಿ ಅವನು ಇಪ್ಪತ್ತೈದನೇ ವಯಸ್ಸಿಗೆ ಏನಾಗಬಹುದು ಅಂತ ನೋಡುತ್ತಾರೆ. ಈ ಒಂದು ಅಭ್ಯಾಸವನ್ನು ನಾವು ಕಲಿಯಲೇಬೇಕು ಅನ್ನೋದು ನನ್ನ ಬಲವಾದ ಅನಿಸಿಕೆ.

ಇಲ್ಲಿನ ಸ್ಕೌಟ್‌ಗಳ ಅಳತೆಗೋಲು 20ರಿಂದ 80ರವರೆಗೆ. 50 ಅಂದರೆ ಇಲ್ಲಿನ ಬೇಸ್‌ಬಾಲ್‌ನ ಎಲ್ಲಕ್ಕಿಂತ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ ಆಡೋ ಸರಾಸರಿ ಆಟಗಾರ. ಶಾಲೆಯ ಸರಾಸರಿ ಅಲ್ಲ, ಗಮನಿಸಿ. ಹಾಗಾಗಿ ಶಾಲೆಯಲ್ಲಿ ಎಲ್ಲರ ಕಣ್ಮಣಿ ಆದವನಿಗೂ 30, 35 ಬರುವುದು ಮಾಮೂಲು. ಬ್ಯಾಟರ್ ಆದರೆ ಐದು ವಿಷಯಕ್ಕೆ ಅಂಕ: ಚೆಂಡನ್ನು ಸರಿಯಾಗಿ ತಾಗಿಸುವುದು, ಹೊಡೆತದ ಶಕ್ತಿ, ಓಟ, ಫೀಲ್ಡಿಂಗ್, ಎಸೆಯೋ ತೋಳು. ಬಲಗೈ ಬ್ಯಾಟರ್ ಚೆಂಡು ಹೊಡೆದು 90 ಅಡಿ ಆಚೆಗಿರೋ ಮೊದಲ ಬೇಸ್ ಮುಟ್ಟಲು ಸುಮಾರು 4.3 ಸೆಕೆಂಡ್ ತೆಗೆದುಕೊಂಡರೆ ಅವನ ಓಟ 50. ಪಿಚರ್ ಆದರೆ ಜೋರಾಗಿ ಬರೋ ಫಾಸ್ಟ್‌ಬಾಲ್, ಬಾಗಿ ಬೀಳೋ ಕರ್ವ್‌ಬಾಲ್, ವೇಗ ಇಳಿಸಿ ಎಸೆಯೋ ಚೇಂಜ್‌ಅಪ್ ಹೀಗೆ ಒಂದೊಂದು ಎಸೆತಕ್ಕೂ ಬೇರೆ ಅಂಕ. ಚೆಂಡಿನ ಮೇಲೆ ಅವನಿಗಿರೋ ಹಿಡಿತಕ್ಕೆ ಇನ್ನೊಂದು.

ನನಗೆ ತುಂಬಾ ಹಿಡಿಸಿದ್ದು ಮುಂದಿನದು. ಪ್ರತಿ ವಿಷಯಕ್ಕೂ ಎರಡು ಅಂಕ ಇರುತ್ತದೆ. ಒಂದು ಇವತ್ತಿನದು, ಇನ್ನೊಂದು ಮುಂದಿನದು. ಇವತ್ತು 35, ಮುಂದೆ 55. ನಮ್ಮ ಹುಡುಗನಿಗೆ ಎಷ್ಟು ಕೊಟ್ಟರೋ ನಮಗೆ ಹೇಳಲಿಲ್ಲ, ಮನೆಯವರಿಗೆ ಅದನ್ನು ಹೇಳುವ ಪದ್ಧತಿಯೂ ಇಲ್ಲ. ಆದರೆ ಆ ಎರಡು ಅಂಕಗಳ ನಡುವೆ ಎಷ್ಟೊಂದು ಇದೆ ಅಲ್ವಾ? ಭುಜ ಇನ್ನೂ ಅಗಲ ಆಗಬೇಕು. ಕಾಲಿಗೆ ಬಲ ಬರಬೇಕು. ಈಗ ಗಂಟೆಗೆ 88 ಮೈಲಿ ಎಸೆಯೋ ಸಣಕಲ ಹುಡುಗ ಹದಿನೈದು ಕೆಜಿ ತುಂಬಿಕೊಂಡರೆ ಎಷ್ಟು ಎಸೆದಾನು? ಸ್ಕೌಟ್ ಊಹಿಸಬೇಕಾದ್ದು ಅದನ್ನು. ಶೂ ಸೈಜು, ಸೋದರಮಾವನ ಎತ್ತರ ಎಲ್ಲ ಅದಕ್ಕೇ ಬೇಕು.

ನನಗೆ ಹದಿನೈದು ಆಗಿದ್ದಾಗ ಒಂದು ಆಯ್ಕೆ ಟ್ರಯಲ್ಸ್‌ಗೆ ಹೋಗಿದ್ದೆ. ಇನ್ನೂರಕ್ಕೂ ಹೆಚ್ಚು ಹುಡುಗರು. ಬಿಸಿಲಲ್ಲಿ ನಾಲ್ಕು ಗಂಟೆ ಸಾಲಿನಲ್ಲಿ ನಿಂತ ಮೇಲೆ ನನಗೆ ಸಿಕ್ಕಿದ್ದು ಆರು ಬಾಲ್. ಎರಡು ಲೆಗ್ ಸೈಡಿಗೆ ಹೋದವು. "ನೆಕ್ಸ್ಟ್" ಅಂದರು. ನನ್ನ ಹಿಂದೆ ನಿಂತಿದ್ದವನಿಗೆ ಆಗಲೇ ಗಡ್ಡ ಬಂದಿತ್ತು, ಅವನು ಆಯ್ಕೆಯಾದ. ನನಗಿಂತ ಅವನು ಜೋರಾಗಿ ಹಾಕಿದ್ದು ನಿಜ. ಇಬ್ಬರಲ್ಲಿ ಯಾರು ಇನ್ನೂ ಬೆಳೆಯುತ್ತಾರೆ ಅಂತ ಮಾತ್ರ ಅಲ್ಲಿ ಯಾರೂ ಕೇಳಲಿಲ್ಲ. ಬೇಗ ಬೆಳೆದ ಹುಡುಗ ಹದಿಮೂರು, ಹದಿನಾಲ್ಕಕ್ಕೆ ಎಲ್ಲರನ್ನೂ ಮೀರಿಸುತ್ತಾನೆ. ಹದಿನೆಂಟಕ್ಕೆ ಉಳಿದವರು ಅವನ ಸಮಕ್ಕೆ ಬಂದುಬಿಡುತ್ತಾರೆ. ಬಿಸಿಸಿಐ 16ರ ಒಳಗಿನ ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತದೆ, ಒಳ್ಳೆಯದೇ. ಆದರೆ ಅದು ಮೋಸ ತಡೆಯೋಕೆ. ಹುಡುಗ ಇನ್ನೆಷ್ಟು ಬೆಳೆಯಬಹುದು ಅಂತ ತಿಳಿಯೋಕೂ ಆ ಫೋಟೋ ಬಳಸಿದರೆ ಎಷ್ಟು ಚೆನ್ನಾಗಿರುತ್ತದೆ!

ಹಾಗಂತ ಇಲ್ಲಿಯವರ ಲೆಕ್ಕ ತಪ್ಪೋದೇ ಇಲ್ಲ ಅಂತಲ್ಲ. ಮೇಜರ್ ಲೀಗ್ ತಂಡಗಳು ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸಿಕೊಳ್ಳೋದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 1991ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಬ್ರಿಯನ್ ಟೇಲರ್ ಅನ್ನೋ ಹೈಸ್ಕೂಲ್ ಪಿಚರ್. ಯಾಂಕೀಸ್ ತಂಡ ಅವನಿಗೆ 15.5 ಲಕ್ಷ ಡಾಲರ್ ಕೊಟ್ಟಿತು. ಎರಡು ವರ್ಷದ ಮೇಲೆ ಒಂದು ಹೊಡೆದಾಟದಲ್ಲಿ ಭುಜಕ್ಕೆ ಪೆಟ್ಟಾಯಿತು. ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಇನ್ನೊಂದು ಕಡೆ ಮೈಕ್ ಟ್ರೌಟ್. ನ್ಯೂಜೆರ್ಸಿಯ ಹುಡುಗ. ಚಳಿಯ ಊರುಗಳಲ್ಲಿ ಹುಡುಗರು ಆಡೋ ತಿಂಗಳು ಕಡಿಮೆ, ಎದುರಾಳಿಗಳೂ ಅಷ್ಟಕ್ಕಷ್ಟೇ ಅಂತ ಸ್ಕೌಟ್‌ಗಳಿಗೆ ಅನುಮಾನ. 2009ರಲ್ಲಿ ಅವನ ಹೆಸರು ಕೂಗಿದ್ದು 25ನೆಯದಾಗಿ. ಆಗ ಅವನಿಗಿನ್ನೂ ಹದಿನೇಳು. ಆಮೇಲೆ ಮೂರು ಸಲ ಎಂವಿಪಿ, ಅಂದರೆ ಲೀಗಿನ ವರ್ಷದ ಅತ್ಯುತ್ತಮ ಆಟಗಾರ, ಆದ.

ಹೊಸೆ ಆಲ್ಟುವೆ ವಿಷಯ ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ವೆನೆಜುವೆಲಾದ ಹುಡುಗ, ಎತ್ತರ ಐದಡಿ ಆರಿಂಚು. ಆಸ್ಟ್ರೋಸ್ ತಂಡದ ಟ್ರಯಲ್ಸ್‌ಗೆ ಹೋದ. ಗಿಡ್ಡ ಆದೆ, ನಾಳೆ ಬರಬೇಡ ಅಂದರು. ಅಪ್ಪ ಧೈರ್ಯ ಹೇಳಿ ಮಾರನೇ ದಿನ ಮತ್ತೆ ಕಳಿಸಿದರು. ಕೊನೆಗೆ 15 ಸಾವಿರ ಡಾಲರ್‌ಗೆ ಸಹಿ ಹಾಕಿಸಿಕೊಂಡರು. 2017ರಲ್ಲಿ ಅವನು ಲೀಗಿನ ಎಂವಿಪಿ.

ಇಂಥ ಕಡೆ ನಮ್ಮ ಊರಿನ ರೀತಿ ನೆನಪಾಗುತ್ತದೆ. ಬಿ.ಎಸ್. ಚಂದ್ರಶೇಖರ್ ಅವರಿಗೆ ಚಿಕ್ಕಂದಿನಲ್ಲೇ ಪೋಲಿಯೊ ಬಂದು ಬಲಗೈ ಸಣ್ಣಗಾಗಿತ್ತು. 20–80ರ ಪಟ್ಟಿಯಲ್ಲಿ "ತೋಳು" ಅನ್ನೋ ಜಾಗದಲ್ಲಿ ಆ ಕೈಗೆ ಎಷ್ಟು ಬರೆಯುತ್ತಿದ್ದರು? 20. ಮುಂದಿನ ಅಂಕವೂ 20. ಅದೇ ಕೈಯಿಂದ ಅವರು ಟೆಸ್ಟ್‌ನಲ್ಲಿ 242 ವಿಕೆಟ್ ತೆಗೆದರು. 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ನಮಗೆ ಮೊದಲ ಸರಣಿ ಗೆಲ್ಲಿಸಿಕೊಟ್ಟರು. ಅನಿಲ್ ಕುಂಬ್ಳೆ ಚೆಂಡು ತಿರುಗಿಸೋದೇ ಇಲ್ಲ ಅಂತ ಎಷ್ಟು ಜನ ಹೇಳಲಿಲ್ಲ? 619 ವಿಕೆಟ್. ಎಲ್ಲರ ಹಾಗಿಲ್ಲದವನನ್ನು ತಿದ್ದೋಕೆ ಹೋಗದೆ ಅವನ ಪಾಡಿಗೆ ಬಿಟ್ಟು ನೋಡುವ ಗುಣ ನಮ್ಮಲ್ಲಿ ಒಂದು ಕಾಲಕ್ಕೆ ಇತ್ತು. ಅದು ಇಲ್ಲಿಯವರಿಗೂ ಬೇಕು.

ಈಗ ನಮ್ಮ ಕಡೆ ಅವಸರ ಜಾಸ್ತಿಯಾಗಿದೆ. 2024ರ ಐಪಿಎಲ್ ಹರಾಜಿನಲ್ಲಿ ಹದಿಮೂರು ವರ್ಷದ ವೈಭವ್ ಸೂರ್ಯವಂಶಿಯನ್ನು 1.10 ಕೋಟಿಗೆ ಕೊಂಡರು. ಮುಂದಿನ ಏಪ್ರಿಲ್‌ನಲ್ಲೇ ಅವನು 35 ಬಾಲಿಗೆ ಸೆಂಚುರಿ ಹೊಡೆದ. ಆ ಹುಡುಗನ ಆಟ ನೋಡಿ ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ನನಗೆ ಭಯ ಇರೋದು ಅವನನ್ನು ನೋಡಿ ತಮ್ಮ ಮಕ್ಕಳನ್ನು ಅಳೆಯೋ ಸಾವಿರಾರು ಮನೆಗಳ ಬಗ್ಗೆ. ಮೇಜರ್ ಲೀಗ್ ತಂಡಗಳು ಹೊರದೇಶದ ಹುಡುಗನನ್ನು ಹದಿನಾರಕ್ಕೆ ಮೊದಲು ತೆಗೆದುಕೊಳ್ಳುವಂತಿಲ್ಲ. ಇಲ್ಲಿಯವನು ಹೈಸ್ಕೂಲ್ ಮುಗಿಸಬೇಕು. ಡ್ರಾಫ್ಟ್ ಆದ ಮೇಲೂ ಸುಮ್ನೆ ಮೇಲೆ ಕಳಿಸೋದಿಲ್ಲ. ರೂಕಿ, ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ ಅಂತ ಕೆಳಗಿನ ಲೀಗ್‌ಗಳ ಮೆಟ್ಟಿಲುಗಳಿವೆ. ರಾತ್ರಿಯಿಡೀ ಬಸ್ ಪ್ರಯಾಣ, ಸಣ್ಣ ಸಂಬಳ. ಎಷ್ಟೋ ಜನ ಅಲ್ಲೇ ನಿಂತುಹೋಗುತ್ತಾರೆ. ಆದರೆ ಒಬ್ಬ ಹುಡುಗ ಏನು, ಎಷ್ಟು ಅಂತ ತಿಳಿಯೋಕೆ ನಾಲ್ಕೈದು ವರ್ಷ ಸಮಯ ಕೊಡುತ್ತಾರೆ, ಆರು ಬಾಲ್ ಅಲ್ಲ.

ಇಲ್ಲಿ ನನಗೆ ಒಂದು ವಿಷಯಕ್ಕೆ ಮಾತ್ರ ತುಂಬಾ ಬೇಜಾರಿದೆ. ಆ ರಾಡಾರ್ ಗನ್. ಸ್ಕೌಟ್‌ಗಳ ಕಣ್ಣಿಗೆ ಬೀಳಲಿ ಅಂತ ದುಡ್ಡು ಕಟ್ಟಿ ಹೋಗುವ ಷೋಕೇಸ್ ಅನ್ನೋ ಪ್ರದರ್ಶನಗಳಲ್ಲಿ ಹುಡುಗರು ಗನ್‌ನಲ್ಲಿ ದೊಡ್ಡ ಅಂಕಿ ಬರಲಿ ಅಂತ ಪ್ರತಿ ಚೆಂಡನ್ನೂ ಮೈಯೆಲ್ಲ ಹಿಂಡಿ ಎಸೆಯುತ್ತಾರೆ. ಮೊಣಕೈಯ ಒಳಗಿನ ಸ್ನಾಯುಬಂಧ ಹರಿಯುತ್ತದೆ. ಟಾಮಿ ಜಾನ್ ಆಪರೇಷನ್ ಅಂತ ಹೆಸರಾದದ್ದು ಇದಕ್ಕೆ ಮಾಡೋದೇ. 1974ರಲ್ಲಿ ಮೊದಲು ಮಾಡಿದ್ದು ಟಾಮಿ ಜಾನ್ ಅನ್ನೋ ಅನುಭವಿ ಪಿಚರ್‌ಗೆ, ಈಗ ಹೈಸ್ಕೂಲ್ ಮಕ್ಕಳಿಗೂ ಮಾಡುತ್ತಾರೆ. ಮೇಜರ್ ಲೀಗ್‌ನವರೇ ಸೇರಿ ಮಾಡಿದ ಮಾರ್ಗಸೂಚಿ ಇದೆ: 17–18 ವರ್ಷದವರು ದಿನಕ್ಕೆ 105ಕ್ಕಿಂತ ಜಾಸ್ತಿ ಎಸೆಯಬಾರದು, 13ರಿಂದ 16ರವರು 95. ಶನಿವಾರ ಒಂದು ತಂಡ, ಭಾನುವಾರ ಇನ್ನೊಂದು ತಂಡಕ್ಕೆ ಆಡುವ ಹುಡುಗನ ಲೆಕ್ಕ ಇಡೋರು ಯಾರು? ಅಕ್ಕ ಒಂದು ಸಣ್ಣ ಡೈರಿ ಇಟ್ಟಿದ್ದಾಳೆ. ಪ್ರತಿ ಪಂದ್ಯದ ಚೆಂಡುಗಳನ್ನು ನಾಲ್ಕು ಗೀಟು, ಮೇಲೊಂದು ಅಡ್ಡಗೀಟು ಹಾಕಿ ಎಣಿಸುತ್ತಾಳೆ. ಕೋಚ್ ಹತ್ತಿರ ಹೋಗಿ "ಸಾಕು, ಇವತ್ತಿಗೆ ತೆಗೀರಿ" ಅಂತ ಎರಡು ಸಲ ಹೇಳಿದ್ದಾಳೆ.

ಅವಳ ಪ್ರಶ್ನೆಗೆ ನಾನು ಹೇಳಿದ್ದು ಇಷ್ಟೇ. ಆಗ್ತಾನೋ ಇಲ್ವೋ ಗೊತ್ತಿಲ್ಲ ಅಕ್ಕ. ಆದರೆ ಅವತ್ತು ಮೂರನೇ ಹಿಟ್ ಬಿದ್ದಾಗ ಅವನು ತಲೆ ತಗ್ಗಿಸಿ ನಿಲ್ಲಲಿಲ್ಲ, ಕ್ಯಾಚರ್ ಹಿಂದೆ ಓಡಿಹೋಗಿ ನಿಂತ, ಎಸೆತ ತಪ್ಪಿದರೆ ಹಿಡಿಯೋಕೆ. ಮುಂದಿನ ಬ್ಯಾಟರ್‌ಗೆ ಹೊಡೆಸಿಕೊಂಡ ಅದೇ ಚೇಂಜ್‌ಅಪ್ ಮತ್ತೆ ಹಾಕಿದ. ಆ ಹಿರಿಯರು ಆಗಲೂ ಏನೋ ಬರೆದುಕೊಂಡರು, ನಾನು ನೋಡಿದೆ.

ಡ್ರಾಫ್ಟ್‌ಗೆ ಕಾಯದೆ ಕಾಲೇಜಿಗೆ ಹೋಗುವುದು ಅಂತ ಮನೆಯಲ್ಲಿ ಎಲ್ಲರೂ ಕೂತು ತೀರ್ಮಾನ ಮಾಡಿದ್ದಾರೆ. ನಾಲ್ಕು ವರ್ಷದ ಕಾಲೇಜು ಸೇರಿದರೆ ಮೂರು ವರ್ಷ ಆಗಬೇಕು, ಇಲ್ಲವೇ 21 ತುಂಬಬೇಕು, ಆಮೇಲೇ ಮತ್ತೆ ಡ್ರಾಫ್ಟ್. ಬೆಳೆಯೋಕೆ ಅಷ್ಟು ಸಮಯ ಸಿಗುತ್ತದೆ. ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಜೂನ್‌ನಲ್ಲಿ ತಂದ ಪ್ಯಾಂಟು ಆಗಲೇ ಕಣಕಾಲಿನ ಮೇಲೆ ಬಂದಿದೆಯಂತೆ.